ಕೊಡಗಿನಿಂದ ಮದುವೆಯಾಗಿ ಅಮೆರಿಕಕ್ಕೆ: ಮೊದಲ ವರ್ಷದ ಜಂಟಿ ತೆರಿಗೆ ರಿಟರ್ನ್

ಡಿಸೆಂಬರ್ 31ರಂದು ನೀವು ಮದುವೆಯಾದವರಾಗಿದ್ದರೆ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಲೆಕ್ಕದಲ್ಲಿ ಆ ವರ್ಷವಿಡೀ ಮದುವೆಯಾದವರೇ. ಡಿಸೆಂಬರ್ ಕೊನೆಯ ವಾರ ವಿರಾಜಪೇಟೆಯಲ್ಲಿ ಮುಹೂರ್ತ, ಗಂಗಾಪೂಜೆ ಮುಗಿದು, ಹೆಂಡತಿ ವೀಸಾಕ್ಕೆ ಕಾಯುತ್ತ ಇನ್ನೂ ಕೊಡಗಿನಲ್ಲೇ ಇದ್ದರೂ ಅಷ್ಟೆ. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಸ್‌ನಲ್ಲೋ ಎಚ್-1ಬಿ ಕೆಲಸದಲ್ಲಿರುವ ಗಂಡ ಆ ವರ್ಷಕ್ಕೆ 'ಸಿಂಗಲ್' ಎಂದು ರಿಟರ್ನ್ ಹಾಕುವಂತಿಲ್ಲ. ಕಳೆದ ವರ್ಷದ ಫಾರಂ ನೋಡಿ ಅದೇ ಪೆಟ್ಟಿಗೆಗೆ ಗುರುತು ಹಾಕುವುದು ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ಹೆಡ್ ಆಫ್ ಹೌಸ್‌ಹೋಲ್ಡ್ ಎಂಬ ಇನ್ನೊಂದು ಪೆಟ್ಟಿಗೆಯೂ ಇದೆ. ಹೆಂಡತಿಯನ್ನು ತೋರಿಸಿ ಅದನ್ನು ಪಡೆಯಲಾಗದು, ಮಗುವಿನಂಥ ಬೇರೊಬ್ಬ ಅರ್ಹ ವ್ಯಕ್ತಿ ಮನೆಯಲ್ಲಿರಬೇಕು. ಹಾಗಾಗಿ ಹೊಸ ಜೋಡಿಗೆ ಉಳಿಯುವುದು ಎರಡೇ ದಾರಿ: ಇಬ್ಬರೂ ಸೇರಿ ಜಂಟಿ ರಿಟರ್ನ್, ಇಲ್ಲವೇ ಮದುವೆಯಾಗಿದ್ದೂ ಪ್ರತ್ಯೇಕ ರಿಟರ್ನ್.

ಈ ಬರಹದಲ್ಲಿ ಗಂಡ ಅಲ್ಲಿರುವವನು, ಹೆಂಡತಿ ಹೊಸದಾಗಿ ಹೋದವಳು ಎಂದು ಇಟ್ಟುಕೊಂಡಿದ್ದೇನೆ. ತಿರುವು ಮುರುವಾದರೂ ನಿಯಮ ಅದೇ.

ಜಂಟಿ ರಿಟರ್ನ್‌ನಲ್ಲಿ ಉಳಿತಾಯವಿದೆ ಎಂದು ಎಲ್ಲರೂ ಹೇಳುತ್ತಾರೆ, ಸಾಮಾನ್ಯವಾಗಿ ಅದು ನಿಜ. ಆದರೆ ಅದಕ್ಕೊಂದು ಬೆಲೆ ಇದೆ. ಹೆಂಡತಿ ಜನವರಿ 1ರಿಂದ ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ್ದರೂ, ಅಂದರೆ ಮದುವೆಗೆ ಮುಂಚೆ, ವಿಮಾನ ಹತ್ತುವ ಮುಂಚೆ ಕೊಡಗಿನಲ್ಲಿ ಗಳಿಸಿದ್ದೂ, ಆ ರಿಟರ್ನ್‌ಗೆ ಬರಬೇಕು. ತೋಟದ ಆದಾಯವಿರುವ ನಮ್ಮ ಜಿಲ್ಲೆಯ ಕುಟುಂಬಗಳು ಹೊರಡುವ ಮೊದಲೇ ಕೂತು ನೋಡಬೇಕಾದ ಲೆಕ್ಕ ಇದು.

ಮೊದಲು ಉಳಿತಾಯ ಎಷ್ಟೆಂದು ನೋಡೋಣ. 2025ರ ಆದಾಯಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮುಂಚೆ ಆದಾಯದಿಂದ ಕಳೆಯುವ ಮೊತ್ತ, ಜಂಟಿಗೆ 31,500 ಡಾಲರ್, ಪ್ರತ್ಯೇಕಕ್ಕೆ 15,750 ಡಾಲರ್. ಗಂಡನ ಸಂಬಳ 1,20,000 ಡಾಲರ್, ಹೆಂಡತಿಗೆ ಏನೂ ಆದಾಯವಿಲ್ಲ ಎನ್ನಿ. ಜಂಟಿಯಾದರೆ 88,500 ಡಾಲರ್ ಮೇಲೆ ತೆರಿಗೆ. ಮೊದಲ 23,850ಕ್ಕೆ ಶೇ. 10, ಮಿಕ್ಕ 64,650ಕ್ಕೆ ಶೇ. 12, ಒಟ್ಟು ಸುಮಾರು 10,143 ಡಾಲರ್. ಪ್ರತ್ಯೇಕವಾದರೆ 1,04,250 ಡಾಲರ್ ಮೇಲೆ ತೆರಿಗೆ. ಹಂತಗಳೂ ಅರ್ಧಕ್ಕೆ ಇಳಿಯುತ್ತವೆ, 48,475 ದಾಟಿದ ಕೂಡಲೇ ಶೇ. 22 ಶುರು, ತುದಿಯ 900 ಡಾಲರ್ ಶೇ. 24ರ ಹಂತಕ್ಕೂ ಹೋಗುತ್ತದೆ. ಒಟ್ಟು ಸುಮಾರು 17,867. ವ್ಯತ್ಯಾಸ 7,700 ಡಾಲರಿಗೂ ಮೇಲೆ. ಇಷ್ಟು ದೊಡ್ಡ ಮೊತ್ತವನ್ನು ಕಾಗದದ ತೊಂದರೆಗೆ ಹೆದರಿ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾರು ಜಂಟಿ ಹಾಕಬಹುದು

ಇಲ್ಲಿ ವೀಸಾದ ಹೆಸರಿಗಿಂತ ದಿನಗಳ ಲೆಕ್ಕ ಮುಖ್ಯ. ಎಚ್-1ಬಿಯವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಹೋದವರು ಆ ವರ್ಷ ಕನಿಷ್ಠ 31 ದಿನ ಅಮೆರಿಕದಲ್ಲಿದ್ದು, ಮೂರು ವರ್ಷದ ತೂಕದ ಲೆಕ್ಕದಲ್ಲಿ 183 ದಿನ ಮುಟ್ಟಿದರೆ ತೆರಿಗೆಯ ಮಟ್ಟಿಗೆ ನಿವಾಸಿ. ಈ ವರ್ಷದ ದಿನಗಳು ಪೂರ್ತಿ, ಹಿಂದಿನ ವರ್ಷದ್ದು ಮೂರರಲ್ಲಿ ಒಂದು ಭಾಗ, ಅದಕ್ಕೂ ಹಿಂದಿನದ್ದು ಆರರಲ್ಲಿ ಒಂದು ಭಾಗ. ಮೊದಲು ಯಾವತ್ತೂ ಹೋಗದವರಾದರೆ, ಜುಲೈ 2ರೊಳಗೆ ಇಳಿದು ವರ್ಷಾಂತ್ಯದವರೆಗೆ ಅಲ್ಲೇ ಇದ್ದರೆ ಸರಿಯಾಗಿ 183 ದಿನ ಆಗುತ್ತದೆ. ಒಂದು ದಿನ ತಡವಾದರೂ ಆಗುವುದಿಲ್ಲ. ಏಪ್ರಿಲ್–ಮೇ ತಿಂಗಳ ಮದುವೆಗಳಲ್ಲಿ ವೀಸಾ ಸಿಗುವುದು ಹೆಚ್ಚಾಗಿ ಇದಾದ ಮೇಲೆಯೇ. ಗ್ರೀನ್ ಕಾರ್ಡ್ ವೀಸಾದಲ್ಲಿ ಹೋದವರಿಗೆ ಈ ಎಣಿಕೆ ಬೇಡ, ಆ ವೀಸಾದಲ್ಲಿ ಇಳಿದ ದಿನದಿಂದಲೇ ನಿವಾಸಿ.

ಜುಲೈ 2ರ ನಂತರ ಇಳಿದ ಎಚ್-4 ಹೆಂಡತಿ ವರ್ಷದ ಕೊನೆಗೂ ಅನಿವಾಸಿಯೇ. ಆದರೂ ಗಂಡ ವರ್ಷದ ಕೊನೆಗೆ ನಿವಾಸಿ ಅಥವಾ ನಾಗರಿಕನಾಗಿದ್ದರೆ, ಇಬ್ಬರೂ ಒಪ್ಪಿ ಅವಳನ್ನು ಇಡೀ ವರ್ಷ ನಿವಾಸಿಯೆಂದು ಪರಿಗಣಿಸುವಂತೆ ಆಯ್ಕೆ ಮಾಡಿಕೊಳ್ಳಬಹುದು. ಇದು ತೆರಿಗೆ ಸಂಹಿತೆಯ 6013(ಜಿ). ಅವಳು ಇನ್ನೂ ಕೊಡಗಿನಲ್ಲೇ ಇದ್ದರೂ ಈ ದಾರಿ ತೆರೆದಿರುತ್ತದೆ. ವರ್ಷದ ಆರಂಭದಲ್ಲಿ ಅನಿವಾಸಿಯಾಗಿದ್ದು, ಕೊನೆಗೆ 183 ದಿನದಿಂದಲೋ ಗ್ರೀನ್ ಕಾರ್ಡಿನಿಂದಲೋ ನಿವಾಸಿಯಾದವರಿಗೆ ಇರುವುದು 6013(ಎಚ್). ಎರಡರಲ್ಲೂ ಕೊನೆಯಲ್ಲಿ ಬರುವ ತೆರಿಗೆ ಒಂದೇ, ಆದರೆ ನಿಬಂಧನೆ ಬೇರೆ. 'ಎಚ್' ಆಯ್ಕೆ ಜೀವಮಾನದಲ್ಲಿ ಒಮ್ಮೆ ಮಾತ್ರ. 'ಜಿ' ಆಯ್ಕೆ ರದ್ದು ಮಾಡುವವರೆಗೆ ಮುಂದಿನ ವರ್ಷಗಳಿಗೂ ನಡೆಯುತ್ತದೆ. ಒಮ್ಮೆ ರದ್ದು ಮಾಡಿದರೆ ಮತ್ತೆಂದೂ ಮಾಡುವಂತಿಲ್ಲ.

ಆಯ್ಕೆಗೆಂದು ಪ್ರತ್ಯೇಕ ಫಾರಂ ಇಲ್ಲ. ಒಂದು ಬಿಳಿ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿಕೆ ಟೈಪ್ ಮಾಡಿ ರಿಟರ್ನ್‌ಗೆ ಲಗತ್ತಿಸಬೇಕು. 'ಜಿ'ಗೆ ಬೇಕಾದ ಸಾರ ಇಷ್ಟು: ತೆರಿಗೆ ವರ್ಷದ ಕೊನೆಯ ದಿನ ನಮ್ಮಿಬ್ಬರಲ್ಲಿ ಒಬ್ಬರು ಅನಿವಾಸಿ, ಇನ್ನೊಬ್ಬರು ಅಮೆರಿಕದ ನಿವಾಸಿ ಅಥವಾ ನಾಗರಿಕ; ಇಡೀ ವರ್ಷಕ್ಕೆ ಇಬ್ಬರನ್ನೂ ನಿವಾಸಿಗಳೆಂದು ಪರಿಗಣಿಸಬೇಕೆಂದು ಆಯ್ಕೆ ಮಾಡುತ್ತಿದ್ದೇವೆ. ಕೆಳಗೆ ಇಬ್ಬರ ಹೆಸರು, ವಿಳಾಸ, ಗುರುತಿನ ಸಂಖ್ಯೆ, ಇಬ್ಬರ ಸಹಿ. ತೆರಿಗೆ ಸಾಫ್ಟ್‌ವೇರ್ ಈ ಹಾಳೆಯನ್ನು ತಾನಾಗಿ ಕೇಳುವುದಿಲ್ಲ. ಹಾಳೆ ಇಲ್ಲದೆ ರಿಟರ್ನ್ ಹೋದರೆ ಆಯ್ಕೆಯೇ ಮಾಡಿಲ್ಲ ಎಂದು ಇಲಾಖೆ ತಕರಾರು ತೆಗೆಯಬಹುದು.

ಎರಡು ಕಡೆ ಇದು ನಡೆಯುವುದಿಲ್ಲ. ಗಂಡ ಎಫ್-1 ವಿದ್ಯಾರ್ಥಿಯಾಗಿದ್ದು, ಓಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದ ಮೇಲಿನ ಕೆಲಸದ ಪರವಾನಗಿಯಲ್ಲಿ, ಕೆಲಸ ಮಾಡುತ್ತಿದ್ದರೂ ಐದು ಕ್ಯಾಲೆಂಡರ್ ವರ್ಷ ಮುಗಿದಿಲ್ಲವಾದರೆ ಸಾಮಾನ್ಯವಾಗಿ ಅವನೇ ಅನಿವಾಸಿ. ಇಬ್ಬರೂ ಅನಿವಾಸಿಗಳಾದರೆ ಜಂಟಿ ರಿಟರ್ನ್ ಇಲ್ಲ. ಅವನು ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ಫಾರಂನಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಇನ್ನೊಂದು, ಇಬ್ಬರೂ ಒಟ್ಟಿಗೆ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಇಳಿದವರಾದರೆ ಆ ಡಿಸೆಂಬರ್ 31ಕ್ಕೆ ಯಾರೂ ನಿವಾಸಿಯಲ್ಲ. ಇವರಿಗೆ 'ಮೊದಲ ವರ್ಷದ ಆಯ್ಕೆ' ಎಂಬ ಬೇರೆ ನಿಯಮವಿದೆ. ಮರುವರ್ಷ 183 ದಿನದ ಪರೀಕ್ಷೆ ತೀರುವವರೆಗೆ ಕಾಯಬೇಕು, ಅದಕ್ಕಾಗಿ ಫಾರಂ 4868 ಹಾಕಿ ಗಡುವು ಮುಂದೂಡಿಸಿಕೊಳ್ಳಬೇಕು, ಆಮೇಲೆ ಇಬ್ಬರೂ 'ಎಚ್' ಆಯ್ಕೆ ಮಾಡಬೇಕು.

ಕಾಫಿ, ಕಾಳುಮೆಣಸು, ಜಮ್ಮಾ ಪಾಲು

ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ) ಅಥವಾ ಚೆರ್ರಿಯನ್ನು (ಹಣ್ಣನ್ನೇ ಒಣಗಿಸಿದ್ದು) ಕ್ಯೂರಿಂಗ್, ಅಂದರೆ ಹೊಟ್ಟು ಬಿಡಿಸಿ ವಿಂಗಡಿಸುವ ಕೆಲಸ, ಮಾಡಿಸದೆ ಹಾಗೆಯೇ ವ್ಯಾಪಾರಿಗೆ ಕೊಡುವ ಬೆಳೆಗಾರರಿಗೆ ಇಡೀ ಮೊತ್ತ ಕೃಷಿ ಆದಾಯವೇ. ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯ ತೆರಿಗೆ ನಿಯಮಾವಳಿಯ ಪ್ರಕಾರ ಶೇ. 25 ಭಾಗ ವ್ಯವಹಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಇದು ಇಲ್ಲಿಯ ಲೆಕ್ಕ. ಅಮೆರಿಕದಲ್ಲಿ ಕೃಷಿ ಆದಾಯಕ್ಕೆ ಇಂಥ ವಿನಾಯಿತಿ ಇಲ್ಲ. ಹೆಂಡತಿಯ ಹೆಸರಿನ ತೋಟದಿಂದ ಬಂದ ನಿವ್ವಳ ಆದಾಯ ಪೂರ್ತಿ ಜಂಟಿ ರಿಟರ್ನ್‌ಗೆ ಬರುತ್ತದೆ. ಭಾರತದಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಅಲ್ಲಿಯ ತೆರಿಗೆಯಿಂದ ಕಳೆಯಲು ವಿದೇಶಿ ತೆರಿಗೆಯ ಕ್ರೆಡಿಟ್ ಕೂಡ ಇರುವುದಿಲ್ಲ. 'ಇಲ್ಲಿ ತೆರಿಗೆ ಇಲ್ಲ, ಹಾಗಾಗಿ ಅಲ್ಲಿ ತೋರಿಸಬೇಕಾಗಿಲ್ಲ' ಎಂಬ ಮಾತು ಕೊಡಗಿನಲ್ಲಿ ಎಷ್ಟು ಸಹಜವಾಗಿ ಕೇಳಿಬಂದರೂ ಪೂರ್ತಿ ತಪ್ಪು.

ತೆರಿಗೆಗೆ ಬರುವುದು ನಿವ್ವಳ ಮಾತ್ರ. ಕೊಯ್ಲು ಕೂಲಿ, ಗೊಬ್ಬರ, ಸುಣ್ಣ, ಬೋರ್ಡೋ ದ್ರಾವಣ, ಮರ ಕಪಾತು, ಹೂ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಓಡಿಸಿದ ಡೀಸೆಲ್, ತೋಟದ ಲೆಕ್ಕ ನೋಡುವ ರೈಟರ್ ಸಂಬಳ, ಮೆಣಸು ಕೊಯ್ಯುವವರ ಕೂಲಿ, ಎಲ್ಲವೂ ಖರ್ಚು. ಆದರೆ ಚೀಟಿ ಬೇಕು. ವಾರದ ಬಟವಾಡೆ ಪುಸ್ತಕದ ಫೋಟೊ, ಗೊಬ್ಬರದಂಗಡಿಯ ಬಿಲ್, ವ್ಯಾಪಾರಿ ಕೊಟ್ಟ ತೂಕದ ಚೀಟಿಯಲ್ಲಿ ಮೂಟೆ ಎಷ್ಟು, ದರ ಎಷ್ಟು ಎಂಬುದು, ಹಣ ಬ್ಯಾಂಕಿಗೆ ಬಂದ ದಿನ, ಇಷ್ಟು ಇದ್ದರೆ ಲೆಕ್ಕ ನಿಲ್ಲುತ್ತದೆ.

ವರ್ಷದ ಗಡಿಯೂ ಬೇರೆ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ ಜನವರಿವರೆಗೂ ನಡೆಯುತ್ತದೆ, ರೊಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೂ ಎಳೆಯುತ್ತದೆ. ಒಂದೇ ಫಸಲಿನ ಹಣ ಅಮೆರಿಕದ ಎರಡು ವರ್ಷಗಳಿಗೆ ಹಂಚಿಹೋಗುತ್ತದೆ. ನಗದು ಪದ್ಧತಿಯ ಲೆಕ್ಕದಲ್ಲಿ ಮುಖ್ಯವಾದದ್ದು ಹಣ ಕೈಗೆ ಬಂದ ದಿನ. 2024ರ ಡಿಸೆಂಬರ್‌ನಲ್ಲಿ ಕೊಯ್ದು ಆಗಲೇ ಮಾರಿ ಹಣ ಪಡೆದ ಅರೇಬಿಕಾ 2025ರ ರಿಟರ್ನ್‌ಗೆ ಬರುವುದಿಲ್ಲ. ಗೋದಾಮಿನಲ್ಲಿಟ್ಟು 2025ರ ಫೆಬ್ರವರಿಯಲ್ಲಿ ಮಾರಿದ್ದು ಬರುತ್ತದೆ. ಇಲ್ಲಿಯ ಆಡಿಟರ್ ಕೊಟ್ಟ ಮಾರ್ಚ್ ಅಂತ್ಯದ ಲೆಕ್ಕಪತ್ರವನ್ನು ಹಾಗೇ ಎತ್ತಿ ಹಾಕಿದರೆ ಎರಡೂ ವರ್ಷ ತಪ್ಪುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಜನವರಿಯಿಂದ ಡಿಸೆಂಬರ್‌ಗೆ ತೆಗೆಸಿಕೊಳ್ಳುವುದೇ ಮೊದಲ ಕೆಲಸ.

ಯಾವ ಫಾರಂ ಎಂಬುದು ತೋಟವನ್ನು ಯಾರು ನಡೆಸುತ್ತಾರೆ ಎಂಬುದರ ಮೇಲೆ ನಿಂತಿದೆ. ತಾನೇ ನಿಂತು ಮಾಡಿಸಿದರೆ ಶೆಡ್ಯೂಲ್ ಎಫ್. ಗುತ್ತಿಗೆಗೆ ಕೊಟ್ಟು ವರ್ಷಕ್ಕಿಷ್ಟು ಹಣ ಪಡೆದರೆ ಶೆಡ್ಯೂಲ್ ಇ. ಕೆಲಸದಲ್ಲಿ ತೊಡಗದೆ ಬೆಳೆಯಲ್ಲಿ ಪಾಲು ಪಡೆದರೆ ಫಾರಂ 4835. ಶೆಡ್ಯೂಲ್ ಎಫ್‌ನಲ್ಲಿ ಇನ್ನೊಂದು ತೂಕದ ವಿಷಯವಿದೆ: ಹೆಂಡತಿ ನಿಜವಾಗಿ ನಿವಾಸಿಯಾದ ಮೇಲೆ ಅಲ್ಲಿಂದಲೇ ತೋಟ ನಡೆಸಿದರೆ, ನಿವ್ವಳದ ಶೇ. 92.35 ಭಾಗದ ಮೇಲೆ ಶೇ. 15.3 ಸ್ವಯಂ ಉದ್ಯೋಗ ತೆರಿಗೆಯೂ ಬೀಳಬಹುದು. ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದವಿಲ್ಲದ್ದರಿಂದ ತೋಟವನ್ನು ತಾನೇ ನಡೆಸುವವರೆಗೆ ಇದನ್ನು ತಪ್ಪಿಸುವ ದಾರಿ ಇಲ್ಲ. ಹೋಗುವ ಮೊದಲೇ ಅಣ್ಣನಿಗೋ ನೆರೆಯವರಿಗೋ ಬರಹದಲ್ಲಿ ಗುತ್ತಿಗೆ ಕೊಟ್ಟು ಹೋಗುವುದು ಅನೇಕರಿಗೆ ಸರಿಹೊಂದುವುದು ಇದೇ ಕಾರಣಕ್ಕೆ.

ಕೊಡಗಿನ ಪರಂಪರಾಗತ ಹಿಡುವಳಿಯಾದ ಜಮ್ಮಾ ಭೂಮಿಯ ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಲವರ ಹೆಸರು ಒಟ್ಟಿಗೆ ಇರುತ್ತವೆ. ಹೆಸರಿದೆ ಎಂದ ಮಾತ್ರಕ್ಕೆ ಇಡೀ ತೋಟದ ಆದಾಯ ಅವಳದಾಗುವುದಿಲ್ಲ. ಅವಳ ಪಾಲು ಯಾವುದು, ಅದರ ಬೆಳೆ ಯಾರು ತೆಗೆಯುತ್ತಾರೆ, ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ತೋಟ ಅಪ್ಪನ ಹೆಸರಿನಲ್ಲಿದ್ದು ಅಪ್ಪನೇ ನಡೆಸಿ, ಪ್ರೀತಿಯಿಂದ ಮಗಳಿಗೆ ಹಣ ಕಳಿಸಿದರೆ ಅದು ಅವಳ ಆದಾಯವಲ್ಲ, ಉಡುಗೊರೆ. ಅದಕ್ಕೆ ತೆರಿಗೆ ಇಲ್ಲ. ಆದರೆ ಅವಳು ನಿವಾಸಿಯಾದ ಮೇಲೆ ಒಂದು ವರ್ಷದಲ್ಲಿ ಊರಿನಿಂದ ಬಂದ ಉಡುಗೊರೆ 1,00,000 ಡಾಲರ್ ದಾಟಿದರೆ ಫಾರಂ 3520 ಹಾಕಬೇಕು.

ಈಗ ಲೆಕ್ಕಕ್ಕೆ ಮರಳೋಣ. ಡಾಲರ್‌ಗೆ 85 ರೂಪಾಯಿ ಎಂದು ಹಿಡಿದು, ಹೆಂಡತಿಯ ತೋಟದ ಗುತ್ತಿಗೆ ಹಣ ಖರ್ಚು ಕಳೆದು 5,10,000 ರೂಪಾಯಿ, ಅಂದರೆ 6,000 ಡಾಲರ್ ಎನ್ನಿ. ಮೇಲಿನ ಉದಾಹರಣೆಗೆ ಇದನ್ನು ಸೇರಿಸಿದರೆ ಶೇ. 12ರ ಹಂತದಲ್ಲೇ ಉಳಿಯುತ್ತದೆ, ಹೆಚ್ಚುವರಿ ತೆರಿಗೆ 720 ಡಾಲರ್. 7,700 ಉಳಿಸಲು 720 ಕಟ್ಟುವುದು ನಷ್ಟವಲ್ಲ. ಆದಾಯವನ್ನು ಮುಚ್ಚಿಡುವ ಆಸೆ ಬಂದಾಗ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ನೋಡಿ.

ಲೆಕ್ಕ ಮಗುಚಿ ಬೀಳುವುದು ಜಮೀನು ಮಾರಿದ ವರ್ಷದಲ್ಲಿ. ಮದುವೆಯ ವರ್ಷವೇ ಹೆಂಡತಿಯ ಹೆಸರಿನ ಗ್ರಾಮೀಣ ಕೃಷಿ ಜಮೀನು ಮಾರಿದ್ದರೆ ಭಾರತದಲ್ಲಿ ಬಂಡವಾಳ ಲಾಭದ ತೆರಿಗೆ ಇಲ್ಲ, ಏಕೆಂದರೆ ಅದು ಇಲ್ಲಿಯ ಕಾನೂನಿನಲ್ಲಿ ಬಂಡವಾಳ ಆಸ್ತಿಯೇ ಅಲ್ಲ. ಅಮೆರಿಕದಲ್ಲಿ ಅದು ಲಾಭವೇ. 59,50,000 ರೂಪಾಯಿ ಲಾಭವೆಂದರೆ 70,000 ಡಾಲರ್. 2025ರಲ್ಲಿ ಜಂಟಿಯವರಿಗೆ ದೀರ್ಘಾವಧಿ ಲಾಭ 96,700 ಡಾಲರ್‌ವರೆಗೆ ಶೂನ್ಯ ದರ. 88,500 ಆಗಲೇ ತುಂಬಿರುವುದರಿಂದ 8,200 ಮಾತ್ರ ಶೂನ್ಯಕ್ಕೆ ಸಿಗುತ್ತದೆ, ಮಿಕ್ಕ 61,800ಕ್ಕೆ ಶೇ. 15 ಎಂದರೆ 9,270 ಡಾಲರ್. ಜಂಟಿಯ ಉಳಿತಾಯಕ್ಕಿಂತ ಇದು ಹೆಚ್ಚು. ಇಂಥ ವರ್ಷ ಪ್ರತ್ಯೇಕ ರಿಟರ್ನ್ ಹಾಕಿ, ಮರುವರ್ಷದಿಂದ ಜಂಟಿಗೆ ಹೋಗುವುದೇ ಜಾಣತನ. ಮಾರುವ ಯೋಚನೆ ಮೊದಲೇ ಇದ್ದರೆ ಜಂಟಿ ಹಾಕುವ ವರ್ಷ ಶುರುವಾಗುವ ಮುಂಚೆಯೇ ನೋಂದಣಿ ಮುಗಿಸಿಕೊಳ್ಳಿ. ಲಾಭದ ಲೆಕ್ಕ ಹಾಕುವಾಗ ಮೂಲ ಬೆಲೆಯೂ ನೋಡಬೇಕು: ಅಪ್ಪ ದಾನಪತ್ರ ಮಾಡಿದ್ದಾದರೆ ಸಾಮಾನ್ಯವಾಗಿ ಅಪ್ಪ ಕೊಂಡ ಬೆಲೆಯೇ ಅವಳ ಬೆಲೆ, ತೀರಿಕೊಂಡವರಿಂದ ಬಂದಿದ್ದಾದರೆ ಅವರು ತೀರಿದ ದಿನದ ಮಾರುಕಟ್ಟೆ ಬೆಲೆ.

ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದವರ ಸಂಬಳವೂ ಸೇರುತ್ತದೆ, ಆದರೆ ಅಲ್ಲಿ ಟಿಡಿಎಸ್ ಕಡಿತವಾಗಿರುವುದರಿಂದ ಫಾರಂ 1116 ಮೂಲಕ ಕ್ರೆಡಿಟ್ ಸಿಗುತ್ತದೆ. ಫಾರಂ 16ರ ಜೊತೆಗೆ ತಿಂಗಳ ಸಂಬಳದ ಚೀಟಿಗಳೂ ಬೇಕು, ಇಲ್ಲದಿದ್ದರೆ ಜನವರಿ–ಮಾರ್ಚ್ ಭಾಗವನ್ನು ಬಿಡಿಸಲಾಗದು. ಹೋಂಸ್ಟೇ ಆದಾಯಕ್ಕೂ ಹಾಗೆಯೇ, ಭಾರತದಲ್ಲಿ ಕಟ್ಟಿದ ತೆರಿಗೆಯಷ್ಟಕ್ಕೆ ಕ್ರೆಡಿಟ್. ಪಿಪಿಎಫ್ ಬಡ್ಡಿಗೆ ಇಲ್ಲಿ ವಿನಾಯಿತಿ, ಅಲ್ಲಿ ಇಲ್ಲ. ಎಫ್‌ಡಿ ಬಡ್ಡಿಯನ್ನಂತೂ ಬಿಡುವ ಹಾಗೇ ಇಲ್ಲ.

ಮ್ಯೂಚುವಲ್ ಫಂಡ್ ಎಸ್‌ಐಪಿ ಇರುವವರಿಗೆ ಒಂದೇ ಸಲಹೆ: ಜಂಟಿ ಹಾಕುವ ವರ್ಷಕ್ಕೆ ಮುಂಚಿನ ಡಿಸೆಂಬರ್‌ನೊಳಗೆ ಮಾರಿಬಿಡಿ. ಭಾರತದ ಫಂಡ್‌ಗಳನ್ನು ಅಮೆರಿಕ ಪಿಎಫ್‌ಐಸಿ ಎಂಬ ವರ್ಗಕ್ಕೆ ಹಾಕಿ ಲಾಭಕ್ಕೆ ಕಠಿಣ ತೆರಿಗೆಯ ಜೊತೆ ಬಡ್ಡಿಯನ್ನೂ ಹಾಕುತ್ತದೆ, ಮತ್ತು ಒಂದೊಂದು ಫಂಡಿಗೂ ಒಂದೊಂದು ಫಾರಂ 8621. ಜಂಟಿಯಲ್ಲಿ ಒಟ್ಟು ಬೆಲೆ 50,000 ಡಾಲರ್ ಮೀರದೆ, ಮಾರಾಟವೂ ದೊಡ್ಡ ಹಂಚಿಕೆಯೂ ಇಲ್ಲದಿದ್ದರೆ ಆ ಫಾರಂನಿಂದ ಬಿಡುವು ಸಿಗಬಹುದು. ಮಾರಿದ ವರ್ಷ ಸಿಗದು.

ಐಟಿನ್ ಮತ್ತು ಪಾಸ್‌ಪೋರ್ಟ್

ಜಂಟಿ ರಿಟರ್ನ್‌ಗೆ ಹೆಂಡತಿಗೊಂದು ಸಂಖ್ಯೆ ಬೇಕು. ಗ್ರೀನ್ ಕಾರ್ಡಿನವರಿಗೂ, ಕಂಪನಿ ವರ್ಗಾವಣೆಯ ಎಲ್-1 ವೀಸಾದವರ ಎಲ್-2 ಪತ್ನಿಯರಿಗೂ, ಕೆಲಸದ ಪರವಾನಗಿ ಸಿಕ್ಕ ಎಚ್-4 ಪತ್ನಿಯರಿಗೂ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುತ್ತದೆ. ಹೊಸದಾಗಿ ಹೋದ ಎಚ್-4ರ ಬಹುತೇಕರಿಗೆ ಅದು ಸಿಗದು, ಅವರು ಫಾರಂ ಡಬ್ಲ್ಯೂ-7 ತುಂಬಿ ತೆರಿಗೆಗೆಂದೇ ಐಆರ್‌ಎಸ್ ಕೊಡುವ ಗುರುತಿನ ಸಂಖ್ಯೆಯಾದ ಐಟಿಐಎನ್, ಅಂದರೆ ಮಾತಿನಲ್ಲಿ ಐಟಿನ್, ಪಡೆಯಬೇಕು. ಸೋಶಿಯಲ್ ಸೆಕ್ಯುರಿಟಿಗೆ ಅರ್ಹರಾದವರು ಡಬ್ಲ್ಯೂ-7 ಹಾಕುವಂತಿಲ್ಲ.

ಡಬ್ಲ್ಯೂ-7 ಒಂಟಿಯಾಗಿ ಹೋಗುವುದಿಲ್ಲ, ರಿಟರ್ನ್ ಜೊತೆಯಲ್ಲೇ ಹೋಗಬೇಕು. ಹಾಗಾಗಿ ಮೊದಲ ವರ್ಷ ಇ-ಫೈಲ್ ಇಲ್ಲ, ಕಾಗದವೇ. ಮೇಲೆ ಡಬ್ಲ್ಯೂ-7, ಅದರ ಹಿಂದೆ ಪಾಸ್‌ಪೋರ್ಟ್ ದಾಖಲೆ, ಆಮೇಲೆ ಇಬ್ಬರೂ ಪೆನ್ನಿನಲ್ಲಿ ಸಹಿ ಮಾಡಿದ ರಿಟರ್ನ್ ಫಾರಂ 1040, ಆಯ್ಕೆಯ ಹೇಳಿಕೆ, ಗಂಡನ ಸಂಬಳ ಮತ್ತು ಕಡಿತದ ವಿವರವಿರುವ ಡಬ್ಲ್ಯೂ-2. 1040ರಲ್ಲಿ ಹೆಂಡತಿಯ ಸಂಖ್ಯೆಯ ಜಾಗ ಖಾಲಿ ಬಿಡಿ. ಇದನ್ನು ಮಾಮೂಲಿ ರಿಟರ್ನ್ ವಿಳಾಸಕ್ಕೆ ಕಳಿಸಬಾರದು. ಡಬ್ಲ್ಯೂ-7 ಸೂಚನೆಗಳಲ್ಲಿರುವ ಟೆಕ್ಸಸ್‌ನ ಆಸ್ಟಿನ್ ವಿಳಾಸಕ್ಕೇ ಹೋಗಬೇಕು. ಸಾಮಾನ್ಯವಾಗಿ ಏಳು ವಾರ, ಜನವರಿ ಮಧ್ಯದಿಂದ ಏಪ್ರಿಲ್ ಕೊನೆಯ ದಟ್ಟಣೆಯಲ್ಲಿ ಒಂಬತ್ತರಿಂದ ಹನ್ನೊಂದು ವಾರ.

ಫಾರಂನಲ್ಲಿ ಕಾರಣ 'ಇ', ಅಂದರೆ ನಾಗರಿಕ ಅಥವಾ ನಿವಾಸಿಯ ಸಂಗಾತಿ. ಮೂರನೇ ಸಾಲು ವಿದೇಶಿ ವಿಳಾಸ. ಅಮೆರಿಕದಲ್ಲೇ ನೆಲೆಸಿದವರು ಅಲ್ಲಿ ಇಂಡಿಯಾ ಎಂದಷ್ಟೇ ಬರೆದರೆ ಸಾಕು. 6ಡಿ ಸಾಲಿನಲ್ಲಿ ಅಮೆರಿಕ ಪ್ರವೇಶಿಸಿದ ದಿನ ಬೇಕು, ಪ್ರವೇಶದ ದಾಖಲೆಯಾದ ಐ-94 ನೋಡಿ ಬರೆಯಿರಿ.

ನೋಟರಿ ಮಾಡಿಸಿದ ಪ್ರತಿ ನಡೆಯುವುದಿಲ್ಲ. ಮಡಿಕೇರಿಯಲ್ಲಿ ನೋಟರಿ ಮೊಹರು ಹಾಕಿಸಿಕೊಂಡು ಹೋದ ಜೆರಾಕ್ಸ್ ಅಲ್ಲಿ ಪ್ರಯೋಜನಕ್ಕೆ ಬಾರದು. ಮೂಲ ಪಾಸ್‌ಪೋರ್ಟ್ ಬೇಕು, ಇಲ್ಲವೇ ಪಾಸ್‌ಪೋರ್ಟ್ ಕೊಟ್ಟ ಸರ್ಕಾರವೇ ದೃಢೀಕರಿಸಿದ ಪ್ರತಿ. ಹೊಸ ನಾಡಿನಲ್ಲಿ ಎರಡು ಮೂರು ತಿಂಗಳು ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಇರುವುದು ನನಗೆ ಸರಿ ಕಾಣುವುದಿಲ್ಲ, ಊರಿನಲ್ಲಿ ಯಾರಿಗಾದರೂ ಏನಾದರೂ ಆದರೆ ಹೊರಡಲಾಗದು. ಇದಕ್ಕೆ ಎರಡು ಪರಿಹಾರಗಳಿವೆ. ಐಆರ್‌ಎಸ್ ಮಾನ್ಯತೆ ಪಡೆದ ಸರ್ಟಿಫೈಡ್ ಆಕ್ಸೆಪ್ಟೆನ್ಸ್ ಏಜೆಂಟ್ ಪಾಸ್‌ಪೋರ್ಟ್ ನೋಡಿ ಪರಿಶೀಲನಾ ಪತ್ರ ಕೊಡುತ್ತಾರೆ, ಅಥವಾ ಮೊದಲೇ ಸಮಯ ಗೊತ್ತು ಮಾಡಿಕೊಂಡು ಐಆರ್‌ಎಸ್‌ನ ತೆರಿಗೆದಾರರ ಸಹಾಯ ಕೇಂದ್ರಕ್ಕೆ ಹೋದರೆ ಅಲ್ಲೇ ನೋಡಿ ವಾಪಸ್ ಕೊಡುತ್ತಾರೆ. ಎಲ್ಲ ಕೇಂದ್ರಗಳಲ್ಲೂ ಈ ಸೇವೆ ಇಲ್ಲ, ಕೇಳಿಕೊಂಡು ಹೋಗಿ.

ಹೆಸರಿನಲ್ಲಿ ಕೊಡಗಿನವರಿಗೆ ತೊಡಕು ಹೆಚ್ಚು. ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ, ತನ್ನ ಹೆಸರು ಕೊನೆಗೆ ಬರೆಯುವ ಪದ್ಧತಿ ನಮ್ಮಲ್ಲಿದೆ. ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದೇ ಡಬ್ಲ್ಯೂ-7ರಲ್ಲೂ 1040ರಲ್ಲೂ ಅಕ್ಷರ ಅಕ್ಷರವೂ ಹಾಗೆಯೇ ಇರಬೇಕು. ಮದುವೆಯ ಬಳಿಕ ಗಂಡನ ಮನೆತನದ ಹೆಸರು ಹಿಡಿದಿದ್ದರೂ ಪಾಸ್‌ಪೋರ್ಟ್ ಬದಲಾಗಿಲ್ಲವಾದರೆ ತವರಿನ ಹೆಸರೇ ಬರೆಯಬೇಕು. ಪಾಸ್‌ಪೋರ್ಟ್ ಹೊಸ ಹೆಸರಿಗೆ ಬದಲಾಗಿದ್ದರೆ 1ಬಿ ಸಾಲಿನಲ್ಲಿ ಹುಟ್ಟಿನ ಹೆಸರು ಕೊಡಿ. ಸರ್‌ನೇಮ್ ಜಾಗವೇ ಖಾಲಿ ಇರುವ ಪಾಸ್‌ಪೋರ್ಟ್ ಇದ್ದರೆ ವೀಸಾಕ್ಕೆ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ, ಮುಂದೆ ಪ್ರತಿ ಕಚೇರಿಯಲ್ಲೂ ಅದೇ ತಕರಾರು.

ಊರಿನ ಖಾತೆಗಳು

ತೆರಿಗೆ ಕಟ್ಟುವುದು ಬೇರೆ, ಖಾತೆಗಳನ್ನು ತಿಳಿಸುವುದು ಬೇರೆ. ನಿವಾಸಿಯಾದವರ ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಅದು ಹಣಕಾಸು ಅಪರಾಧ ತಡೆಯುವ ಅಮೆರಿಕದ ಸಂಸ್ಥೆ ಫಿನ್‌ಸೆನ್‌ನ ಫಾರಂ 114, ರಿಟರ್ನ್ ಜೊತೆ ಹೋಗುವುದಲ್ಲ, ಆನ್‌ಲೈನ್‌ನಲ್ಲಿ ಬೇರೆಯಾಗಿ. ಗಡುವು ಏಪ್ರಿಲ್ 15, ಕೇಳದೆಯೇ ಅಕ್ಟೋಬರ್ 15ರವರೆಗೆ ವಿಸ್ತರಣೆ. ಮೇಲಿನ ದರದಲ್ಲಿ ಮಿತಿ 8.5 ಲಕ್ಷ ರೂಪಾಯಿ, ಒಂದೇ ಎಫ್‌ಡಿಯಲ್ಲಿ ದಾಟಿಹೋಗುವ ಮೊತ್ತ. ಡಿಸಿಸಿ ಬ್ಯಾಂಕ್, ಕೃಷಿ ಪತ್ತಿನ ಸಹಕಾರ ಸಂಘದ ಠೇವಣಿ, ನಗದು ಮೌಲ್ಯವಿರುವ ಎಲ್‌ಐಸಿ ಪಾಲಿಸಿ, ಎಲ್ಲವೂ ಲೆಕ್ಕಕ್ಕೆ.

ಬಹಳ ಮಂದಿ ಮರೆಯುವುದು ಅಪ್ಪ ಅಮ್ಮನ ಖಾತೆಯನ್ನು. ವಯಸ್ಸಾದವರು ಮಗಳ ಹೆಸರನ್ನು ಎರಡನೇ ಖಾತೆದಾರಳಾಗಿ ಸೇರಿಸಿರುತ್ತಾರೆ. ಹಣ ಪೂರ್ತಿ ಅವರದೇ ಇರಬಹುದು, ಆದರೂ ಎಫ್‌ಬಾರ್‌ನಲ್ಲಿ ಆ ಖಾತೆಯ ಇಡೀ ಮೊತ್ತ ತೋರಿಸಬೇಕು. ತೋರಿಸಿದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ. ಬರೀ ನಾಮಿನಿ ಆಗಿದ್ದರೆ ಬೇಕಾಗಿಲ್ಲ. ಲಾಕರಿನ ಚಿನ್ನ, ತೋಟ, ಮನೆ ಎಫ್‌ಬಾರ್‌ಗೂ ಸಂಬಂಧವಿಲ್ಲ, ಫಾರಂ 8938ಕ್ಕೂ ಇಲ್ಲ.

8938 ವಿದೇಶಿ ಹಣಕಾಸು ಆಸ್ತಿಗಳನ್ನು ತಿಳಿಸಲು ರಿಟರ್ನ್ ಒಳಗೇ ಹೋಗುವ ಫಾರಂ. ಅಮೆರಿಕದಲ್ಲಿ ವಾಸಿಸುವ ಜಂಟಿಯವರಿಗೆ ಅವುಗಳ ಒಟ್ಟು ಬೆಲೆ ವರ್ಷದ ಕೊನೆಯ ದಿನ 1,00,000 ಡಾಲರ್ ಅಥವಾ ವರ್ಷದ ನಡುವೆ ಯಾವಾಗಲಾದರೂ 1,50,000 ಡಾಲರ್ ದಾಟಿದರೆ ಬೇಕು. ಇಲ್ಲೊಂದು ಸೂಕ್ಷ್ಮವಿದೆ: 6013ರ ಆಯ್ಕೆಯಿಂದ ಮಾತ್ರ ನಿವಾಸಿಯೆನಿಸಿಕೊಂಡವರಿಗೆ ಎಫ್‌ಬಾರ್ ಹೊಣೆ ಹುಟ್ಟುವುದಿಲ್ಲ, ಅಲ್ಲಿ ನಿಜವಾದ ನಿವಾಸವನ್ನೇ ನೋಡುತ್ತಾರೆ. 8938ಕ್ಕೆ ಮಾತ್ರ ಅವರೂ ಸೇರುತ್ತಾರೆ. ಗಂಡ ಹೆಂಡತಿಗೆ ಒಂದೇ ಎಫ್‌ಬಾರ್ ಸಾಕಾಗುವುದು ಒಬ್ಬರ ಎಲ್ಲ ಖಾತೆಗಳೂ ಇಬ್ಬರ ಜಂಟಿ ಖಾತೆಗಳೇ ಆಗಿದ್ದು, ಫಾರಂ 114ಎಗೆ ಇಬ್ಬರೂ ಸಹಿ ಮಾಡಿದ್ದರೆ ಮಾತ್ರ. ಹೊಸ ಜೋಡಿಗೆ ಅದು ಅಪರೂಪ, ಇಬ್ಬರೂ ಬೇರೆಬೇರೆಯೇ ಹಾಕಬೇಕಾಗುತ್ತದೆ.

ಸಮಯ ಸಾಲದಿದ್ದರೆ

ರಿಟರ್ನ್‌ನ ಗಡುವಾದ ಏಪ್ರಿಲ್ 15 ಹತ್ತಿರ ಬಂದು, ವೀಸಾ ಸ್ಟ್ಯಾಂಪಿಂಗ್‌ಗೆ ಪಾಸ್‌ಪೋರ್ಟ್ ಹೋಗಿದ್ದರೆ ಡಬ್ಲ್ಯೂ-7ಗೆ ಕೈ ಹಾಕಬೇಡಿ. ಫಾರಂ 4868 ಹಾಕಿದರೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಸಿಗುವುದು ಸಲ್ಲಿಸಲು ಸಮಯ, ಕಟ್ಟಲು ಅಲ್ಲ. ಬಾಕಿ ಬರುತ್ತದೆ ಎನಿಸಿದರೆ ಏಪ್ರಿಲ್‌ನಲ್ಲೇ ಕಟ್ಟಿ. ಇನ್ನೊಂದು ದಾರಿ, ಈಗ ಪ್ರತ್ಯೇಕ ರಿಟರ್ನ್ ಹಾಕಿ ಹೆಂಡತಿಯ ಸಂಖ್ಯೆಯ ಜಾಗದಲ್ಲಿ 'ಎನ್‌ಆರ್‌ಎ', ಅಂದರೆ ಅನಿವಾಸಿ ವಿದೇಶೀಯಳು, ಎಂದು ಬರೆದು, ಅವಳು ಬಂದು ಸೇರಿದ ಮೇಲೆ ತಿದ್ದುಪಡಿ ರಿಟರ್ನ್ ಆದ 1040-ಎಕ್ಸ್ ಮೂಲಕ ಜಂಟಿಗೆ ಬದಲಿಸುವುದು. ಮೂಲ ಗಡುವಿನಿಂದ ಮೂರು ವರ್ಷದೊಳಗೆ ಹೀಗೆ ಬದಲಿಸಬಹುದು. ಗಡುವು ದಾಟಿದ ಮೇಲೆ ಜಂಟಿಯಿಂದ ಪ್ರತ್ಯೇಕಕ್ಕೆ ಮಾತ್ರ ಹಿಂದೆ ಬರಲಾಗದು. ಅನುಮಾನ ಉಳಿದಿದ್ದರೆ ಮೊದಲು ಪ್ರತ್ಯೇಕ ಹಾಕುವುದು ಇದರಿಂದಾಗಿಯೇ ಸುರಕ್ಷಿತ.

ಸಹಿ ಮಾಡುವ ಹೆಂಡತಿಗೆ ಒಂದು ಮಾತು. ಜಂಟಿ ರಿಟರ್ನ್‌ಗೆ ಸಹಿ ಹಾಕಿದವರಿಬ್ಬರೂ ಇಡೀ ತೆರಿಗೆಗೆ ಹೊಣೆ. ಆ ವರ್ಷ ಗಂಡನ ಷೇರು ಮಾರಾಟ, ಕ್ರಿಪ್ಟೊ ಏನೇ ಇದ್ದರೂ ಇಲಾಖೆ ನಿಮ್ಮನ್ನೂ ಕೇಳಬಹುದು. ಆದ್ದರಿಂದ ಎಲ್ಲ ಹಾಳೆ ತೋರಿಸಿ ವಿವರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ. ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ರಾಜ್ಯದ ತೆರಿಗೆ ಪ್ರತ್ಯೇಕ ವಿಷಯ. ಟೆಕ್ಸಸ್, ಫ್ಲಾರಿಡಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಸಂಬಳಕ್ಕೆ ರಾಜ್ಯ ಆದಾಯ ತೆರಿಗೆ ಇಲ್ಲ. ಬೇರೆಡೆ ಹೆಂಡತಿ ವರ್ಷದ ಒಂದು ಭಾಗ ಮಾತ್ರ ಆ ರಾಜ್ಯದವಳು ಎಂಬುದನ್ನು ರಾಜ್ಯದ ಫಾರಂನಲ್ಲಿ ಬೇರೆಯಾಗಿ ತೋರಿಸಬೇಕಾಗಬಹುದು.

ರಿಟರ್ನ್ ಹೋದ ಮೇಲೂ ಮೂರು ಕೆಲಸ ಉಳಿಯುತ್ತವೆ. ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸುವ ಹೊಸ ಡಬ್ಲ್ಯೂ-4 ಫಾರಂ ಅನ್ನು ಗಂಡ ಆಫೀಸಿನಲ್ಲಿ ಕೊಟ್ಟರೆ ಪ್ರತಿ ತಿಂಗಳ ಕಡಿತ ಕಡಿಮೆಯಾಗುತ್ತದೆ. ಹೆಂಡತಿಯ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಆಗಿ ಬದಲಿಸಬೇಕು, ಅದರ ಬಡ್ಡಿಗೆ ಇಲ್ಲಿ ಹೆಚ್ಚಿನ ದರದಲ್ಲಿ ಟಿಡಿಎಸ್ ಕಡಿತವಾಗುತ್ತದೆ, ಆ ದಾಖಲೆ ಮರುವರ್ಷದ ಫಾರಂ 1116ಗೆ ಬೇಕು. ಮುಂದೆ ಕೆಲಸದ ಪರವಾನಗಿ ಬಂದು ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಸಿಕ್ಕ ದಿನದಿಂದ ಐಟಿನ್ ಬಳಸುವಂತಿಲ್ಲ; ಎರಡೂ ಸಂಖ್ಯೆಗಳ ದಾಖಲೆ ಒಂದುಗೂಡಿಸುವಂತೆ ಐಆರ್‌ಎಸ್‌ಗೆ ಪತ್ರ ಬರೆಯಬೇಕು. ಸಂಖ್ಯೆ ಸಿಗದೆ ಐಟಿನ್‌ನಲ್ಲೇ ಇರುವವರು ಮೂರು ವರ್ಷ ಸತತವಾಗಿ ಅದನ್ನು ಯಾವ ರಿಟರ್ನ್‌ನಲ್ಲೂ ಬಳಸದಿದ್ದರೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಡಬ್ಲ್ಯೂ-7 ಹಾಕಿ ನವೀಕರಿಸಬೇಕಾಗುತ್ತದೆ.